ಓದುಗರ ಪ್ರಶ್ನೆ: ನೀತಿ ಬರೆಯುವ ಮುಂಚೆ ಜನರನ್ನು ಕೇಳುವುದು ಹೇಗೆ?

ಸಾರ್ವಜನಿಕ ನೀತಿ, ಯೋಜನೆ, ಬಜೆಟ್ ಇವುಗಳ ತೀರ್ಮಾನದಲ್ಲಿ ನಾಗರಿಕರಿಗೆ ಜಾಗ ಮಾಡಿಕೊಡುವುದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ನೋವು ತೋಡಿಕೊಂಡಿವೆ: ‘ಕೇಳಿದ್ದೇನೋ ಕೇಳಿದರು, ಆಮೇಲೆ ಏನೂ ಆಗಲಿಲ್ಲ.’ ಇದೇ ಮಾತನ್ನು ಅಧಿಕಾರಿಗಳೂ ತಮ್ಮ ಕಡೆಯಿಂದ ಬರೆದಿದ್ದಾರೆ: ‘ಕರೆದೆವು, ಯಾರೂ ಬರಲಿಲ್ಲ.’ ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಇಲಾಖೆ ಹೊಸ ನಿಯಮಗಳ ಕರಡನ್ನು ವೆಬ್‌ಸೈಟಿಗೆ ಹಾಕಿ 30 ದಿನ ಆಕ್ಷೇಪಣೆಗಳಿಗೆ ಅವಕಾಶ ಕೊಟ್ಟಿತ್ತು. ಬಂದದ್ದು ಬೆರಳೆಣಿಕೆಯ ಪತ್ರಗಳು. ಅವುಗಳಲ್ಲೂ ಅರ್ಧ ಅಕ್ಷರಶಃ ಒಂದೇ. ಜನರಿಗೆ ಆಸಕ್ತಿ ಇಲ್ಲ ಎಂದುಕೊಳ್ಳಬೇಕೆ?

ಹಾಗೆ ಅಂದುಕೊಳ್ಳಬೇಡಿ. ಕರಡು ಹೊರಬೀಳುವ ಹೊತ್ತಿಗೆ ಒಳಗೆ ಹತ್ತಾರು ಸಭೆಗಳಾಗಿ, ಕಡತ ಮೇಲೆ ಕೆಳಗೆ ಓಡಾಡಿ, ಪ್ರತಿ ವಾಕ್ಯಕ್ಕೂ ಒಬ್ಬ ವಾರಸುದಾರ ಹುಟ್ಟಿಕೊಂಡಿರುತ್ತಾನೆ. ಆಮೇಲೆ ಯಾರು ಏನೇ ಹೇಳಿದರೂ ಅದು ‘ಆಕ್ಷೇಪಣೆ’ಯೇ, ತಿದ್ದುವವರಿಗೆ ಅದು ಸೋಲಿನಂತೆ ಕಾಣುತ್ತದೆ. ಜನ ಇದನ್ನು ಚೆನ್ನಾಗಿ ಬಲ್ಲರು. ಅದಕ್ಕೇ ಬರೆಯುವುದಿಲ್ಲ.

ಆಡಳಿತ ಜನರನ್ನು ಕೇಳಿದ ರೀತಿ ಸರಿಯೇ ಎಂದು ತೂಗಲು ಇಂಗ್ಲೆಂಡಿನ ನ್ಯಾಯಾಲಯಗಳು 1985ರ ಒಂದು ಪ್ರಕರಣದಿಂದ ಹಿಡಿದು ನಾಲ್ಕು ಷರತ್ತುಗಳನ್ನು ಪಾಲಿಸುತ್ತ ಬಂದಿವೆ. ಗನ್ನಿಂಗ್ ತತ್ವಗಳೆಂದು ಅವಕ್ಕೆ ಹೆಸರು. ತೀರ್ಮಾನ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಕೇಳಬೇಕು. ಜನ ಯೋಚಿಸಿ ಉತ್ತರಿಸುವಷ್ಟು ಕಾರಣ ವಿವರ ಕೊಡಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದ ಉತ್ತರಗಳನ್ನು ಮನಸ್ಸಿಟ್ಟು ಪರಿಗಣಿಸಬೇಕು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಲಂಡನ್ನಿನ ಹ್ಯಾರಿಂಗೇ ಸ್ಥಳೀಯ ಆಡಳಿತದ ತೆರಿಗೆ ರಿಯಾಯಿತಿ ಕುರಿತ ಸಮಾಲೋಚನೆ ಕಾನೂನುಬಾಹಿರ ಎಂದಿತು. ಆಡಳಿತ ಜನರನ್ನು ಕೇಳಿರಲಿಲ್ಲವೆಂದಲ್ಲ. ರಿಯಾಯಿತಿ ಕಡಿತಗೊಳಿಸುವುದನ್ನು ಬಿಟ್ಟು ಬೇರೆ ದಾರಿಗಳೂ ಇದ್ದವು, ಅವನ್ನು ಏಕೆ ಕೈಬಿಟ್ಟೆವು ಎಂಬುದನ್ನು ಜನರಿಗೆ ತಿಳಿಸಿರಲಿಲ್ಲ, ಅದು ತಪ್ಪು. 1998ರ ಆರ್ಹುಸ್ ಅಂತರರಾಷ್ಟ್ರೀಯ ಒಪ್ಪಂದವೂ ಪರಿಸರದ ವಿಷಯದಲ್ಲಿ ಇದನ್ನೇ ಹೇಳುತ್ತದೆ: ಎಲ್ಲ ಆಯ್ಕೆಗಳೂ ತೆರೆದಿರುವಾಗಲೇ ಜನ ಒಳಗೆ ಬರಬೇಕು.

ಹೀಗಾಗಿ ಮುಂದಿನ ಸಲ ಕರಡಿನ ಬದಲು ನಾಲ್ಕು ಪುಟದ ಟಿಪ್ಪಣಿಯೊಂದನ್ನು ಹೊರಡಿಸಿ. ಮೊದಲ ಪುಟದಲ್ಲಿ ಸಮಸ್ಯೆ ಏನು, ಅದು ಯಾರಿಗೆ ಎಷ್ಟು ತಟ್ಟುತ್ತಿದೆ. ಎರಡನೆಯದರಲ್ಲಿ ಕನಿಷ್ಠ ಮೂರು ದಾರಿಗಳು, ಒಂದೊಂದರ ಖರ್ಚು, ಅದರಿಂದ ಯಾರಿಗೆ ಲಾಭ, ಯಾರಿಗೆ ತೊಂದರೆ. ಮೂರನೆಯದರಲ್ಲಿ ಎರಡೇ ಪಟ್ಟಿ: ‘ಇದು ಆಗಲೇ ನಿರ್ಧಾರವಾಗಿದೆ, ಬದಲಾಗದು’, ‘ಇದು ಇನ್ನೂ ತೆರೆದಿದೆ’. ನಾಲ್ಕನೆಯದರಲ್ಲಿ ಪ್ರಶ್ನೆಗಳು, ಉತ್ತರ ಯಾವ ದಿನ ಎಲ್ಲಿ ಪ್ರಕಟವಾಗುತ್ತದೆ ಎಂಬ ವಿವರ. ಮೂರನೇ ಪುಟ ಬರೆಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ‘ಇನ್ನೂ ತೆರೆದಿದೆ’ ಪಟ್ಟಿಯಲ್ಲಿ ಒಂದು ಸಾಲೂ ಬರದಿದ್ದರೆ ಜನರನ್ನು ಕರೆಯಬೇಡಿ. ಮಾಹಿತಿ ಕೊಡಿ, ಅಷ್ಟೇ ಮಾಡುತ್ತಿದ್ದೇವೆಂದು ನೇರವಾಗಿ ಹೇಳಿ. ಅಮೆರಿಕದ ನೀತಿತಜ್ಞೆ ಷೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ನಾಗರಿಕ ಸಹಭಾಗಿತ್ವವನ್ನು ಎಂಟು ಮೆಟ್ಟಿಲ ಏಣಿಯಾಗಿ ಚಿತ್ರಿಸಿದಾಗ ಅತಿ ಕೆಳಗಿಟ್ಟದ್ದು ಮಾಹಿತಿ ಕೊಡುವುದನ್ನಲ್ಲ. ಸಹಭಾಗಿತ್ವದ ವೇಷ ತೊಟ್ಟು ಜನರನ್ನು ತಮ್ಮ ದಾರಿಗೆ ತಿರುಗಿಸಿಕೊಳ್ಳುವುದನ್ನು.

ಒಂದೇ ಒಕ್ಕಣೆಯ ಪತ್ರಗಳನ್ನು ಎಸೆಯಬೇಡಿ. ಎಷ್ಟು ಬಂದವೆಂದು ಸಂಖ್ಯೆ ದಾಖಲಿಸಿ, ವಾದವನ್ನು ಒಂದು ಸಲ ದಾಖಲಿಸಿ, ಅದಕ್ಕೆ ಒಂದು ಉತ್ತರ ಕೊಡಿ. ಅಂಥ ಪತ್ರ ಸಾವಿರ ಬಂದರೆ ಒಂದು ಸಂಘಟನೆ ಚುರುಕಾಗಿದೆ ಎಂದು ತಿಳಿಯುತ್ತದೆ. ಸಾರ್ವಜನಿಕರಲ್ಲಿ ಎಷ್ಟು ಪಾಲು ಹಾಗೆ ಯೋಚಿಸುತ್ತಾರೆಂದು ಅದರಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ಬೇರೆ ವಿಧಾನ ಬೇಕು.

ಪ್ರಶ್ನೆ: ಆ ಬೇರೆ ವಿಧಾನವೆಂದರೆ ಚೀಟಿ ಎತ್ತಿ ನಾಗರಿಕ ಸಭೆ ಮಾಡುವುದು ಎಂದು ಕೇಳಿದ್ದೇವೆ. 50 ಜನ ಲಕ್ಷಾಂತರ ಜನರನ್ನು ಹೇಗೆ ಪ್ರತಿನಿಧಿಸುತ್ತಾರೆ? ಆಯ್ಕೆಯನ್ನು ಲೆಕ್ಕದ ಸಮೇತ ವಿವರಿಸಿ.

ಚೀಟಿಯಿಂದ ಬಂದ ಸಾಮಾನ್ಯ ಜನ ವಿಷಯವನ್ನು ಕಲಿತು, ಚರ್ಚಿಸಿ, ಶಿಫಾರಸು ಮಾಡುವ ಸಭೆಯೇ ನಾಗರಿಕ ಸಭೆ. ಚುನಾಯಿತರು ಪ್ರತಿನಿಧಿಸುವ ಅರ್ಥದಲ್ಲಿ ಅವರು ಪ್ರತಿನಿಧಿಗಳಲ್ಲ. ಕೆರೆಯ ನೀರಿನ ಒಂದು ಬೊಗಸೆ ಇದ್ದ ಹಾಗೆ, ಅವರು ಮಾದರಿ. ಅದಕ್ಕಾಗಿ ಬೊಗಸೆಗೆ ಒಂದೇ ದಂಡೆಯ ನೀರು ಬರಬಾರದು. ಆಯ್ಕೆ ಎರಡು ಹಂತದಲ್ಲಿ ನಡೆಯುವುದು ಇದಕ್ಕಾಗಿಯೇ.

ಮೊದಲ ಹಂತದಲ್ಲಿ ವಿಳಾಸಗಳ ಪಟ್ಟಿಯಿಂದ ಯಾದೃಚ್ಛಿಕವಾಗಿ, ಎಂದರೆ ಯಾರ ಕೈವಾಡವೂ ಇಲ್ಲದಂತೆ, 10,000 ಮನೆಗಳನ್ನು ಆರಿಸಿ ಪತ್ರ ಕಳಿಸುತ್ತೀರಿ. ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು ಮನೆಯವರು ‘ಬರುತ್ತೇವೆ’ ಎನ್ನುತ್ತಾರೆ. ನಾಲ್ಕು ಎಂದುಕೊಳ್ಳೋಣ: 400 ಜನ. ಇವರಲ್ಲಿ ಹೆಚ್ಚು ಓದಿದವರು, ನಡುವಯಸ್ಸು ದಾಟಿದವರು, ವಿಷಯದಲ್ಲಿ ಮೊದಲೇ ಆಸಕ್ತಿ ಇದ್ದವರು ಜಾಸ್ತಿ ಇರುತ್ತಾರೆ. ಇಲ್ಲಿಂದ ನೇರ 50 ಚೀಟಿ ಎತ್ತಿದರೆ ಸಭೆಯೂ ಅವರಂತೆಯೇ ಆಗುತ್ತದೆ.

ಎರಡನೇ ಹಂತ ಅದನ್ನು ಸರಿಪಡಿಸುತ್ತದೆ. ಆ ಪ್ರದೇಶದ ಜನರಲ್ಲಿ ಪದವೀಧರರು ನೂರಕ್ಕೆ 30 ಎಂದಿಟ್ಟುಕೊಳ್ಳಿ. ಒಪ್ಪಿಕೊಂಡ 400ರಲ್ಲಿ ಅವರು 240, ಉಳಿದವರು 160. 50 ಸ್ಥಾನಗಳಲ್ಲಿ ಪದವೀಧರರಿಗೆ 15, ಉಳಿದವರಿಗೆ 35 ಎಂದು ಮೊದಲೇ ನಿಗದಿ ಮಾಡುತ್ತೀರಿ. ಆಗ ಒಪ್ಪಿದ ಪದವೀಧರನಿಗೆ ಆಯ್ಕೆಯ ಅವಕಾಶ 240ಕ್ಕೆ 15, ಸುಮಾರು ನೂರಕ್ಕೆ ಆರು. ಉಳಿದವರಿಗೆ 160ಕ್ಕೆ 35, ಸುಮಾರು ನೂರಕ್ಕೆ 22. ‘ಇದು ಅನ್ಯಾಯವಲ್ಲವೇ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೊದಲ ಹಂತದಲ್ಲೇ ಹೆಚ್ಚಾಗಿ ಬಂದವರ ಪಾಲನ್ನು ಎರಡನೆಯದು ಸಮಕ್ಕೆ ತರುತ್ತಿದೆ ಎಂದು ಈ ಅಂಕಿಗಳನ್ನೇ ತೋರಿಸಿ ಹೇಳಿ. ಇದೇ ರೀತಿ ಲಿಂಗ, ವಯಸ್ಸು, ವಾಸದ ಪ್ರದೇಶಗಳಿಗೂ ಪಾಲು ಹಾಕಬೇಕು. ಐದಾರು ಮಾನದಂಡಗಳನ್ನು ಒಟ್ಟಿಗೆ ಹೊಂದಿಸುವುದು ಕೈಲೆಕ್ಕದಲ್ಲಿ ಆಗದು. ಅದಕ್ಕೆ ಉಚಿತ ತಂತ್ರಾಂಶಗಳಿವೆ. ಪಾಲು ಹೊಂದುವ ಹಲವು ತಂಡಗಳನ್ನು ಅದು ತಯಾರಿಸಿ ಕೊಡುತ್ತದೆ. ಅವುಗಳಲ್ಲಿ ಒಂದನ್ನು ಎಲ್ಲರ ಮುಂದೆ ಚೀಟಿ ಎತ್ತಿ ಆರಿಸಿ. ಯಂತ್ರದ ಕೆಲಸವನ್ನು ಜನ ನಂಬುವುದಕ್ಕಿಂತ ಕಣ್ಣೆದುರು ಎತ್ತಿದ ಚೀಟಿಯನ್ನು ನಂಬುತ್ತಾರೆ, ನಂಬಬೇಕಾದದ್ದೂ ಹಾಗೆಯೇ.

ಬಿಸಿಬಿಸಿ ಚರ್ಚೆಯ ವಿಷಯವಾದರೆ ಅಭಿಪ್ರಾಯವನ್ನೂ ಮಾನದಂಡವಾಗಿ ಸೇರಿಸಿ. ಬ್ರಿಟನ್ 2020ರಲ್ಲಿ ಹವಾಮಾನ ಕುರಿತು ನಡೆಸಿದ ಸಭೆಗೆ 30 ಸಾವಿರ ಮನೆಗಳಿಗೆ ಪತ್ರ ಹೋಗಿತ್ತು. ಹವಾಮಾನ ಬದಲಾವಣೆಯ ಬಗ್ಗೆ ಎಷ್ಟು ಕಳವಳ ಇದೆ ಎಂಬುದೂ ಆಯ್ಕೆಯ ಅಳತೆಗಳಲ್ಲಿ ಒಂದಾಗಿತ್ತು. ಇಲ್ಲದಿದ್ದರೆ ಕಳವಳ ಇರುವವರೇ ತುಂಬಿಕೊಂಡು, ವರದಿ ಬಂದ ದಿನವೇ ‘ಇದು ಅವರವರದೇ ಸಭೆ’ ಎಂಬ ಮಾತು ಹುಟ್ಟುತ್ತಿತ್ತು.

ಎಡವುವ ಜಾಗಗಳೂ ಗೊತ್ತಿರಲಿ. 50 ಜನ ಬೇಕಾದರೆ 55 ಜನರನ್ನು ಆರಿಸಿ. ಮೊದಲ ದಿನವೇ ಕೆಲವರು ಬರುವುದಿಲ್ಲ. ಬಿಟ್ಟುಹೋದವರ ಜಾಗಕ್ಕೆ ಅದೇ ವರ್ಗದ ಮೀಸಲು ಪಟ್ಟಿಯಿಂದಲೇ ತನ್ನಿ. ಇಲ್ಲಿ ಅವಸರ ಮಾಡಬಾರದು. ಐರ್ಲೆಂಡಿನ 99 ನಾಗರಿಕರ ಸಭೆಯಲ್ಲಿ 2018ರ ಆರಂಭದಲ್ಲಿ ಹೀಗೆ ಬದಲಿಯಾಗಿ ಬಂದ 7 ಜನರನ್ನು ಕೈಬಿಡಬೇಕಾಯಿತು. ಮನೆ ಮನೆಗೆ ಹೋಗಿ ಆರಿಸುವ ಬದಲು ಸಿಬ್ಬಂದಿಯೊಬ್ಬರು ಪರಿಚಯದ ಜಾಡು ಹಿಡಿದು ಫೋನಿನಲ್ಲಿ ಸೇರಿಸಿಕೊಂಡಿದ್ದರು. ಪತ್ತೆಯಾದ ಕೂಡಲೇ ಸಭೆಯೇ ಅದನ್ನು ಬಹಿರಂಗಪಡಿಸಿತು. ಮುಚ್ಚಿಟ್ಟಿದ್ದರೆ ಹಿಂದಿನ ಎಲ್ಲ ಶಿಫಾರಸುಗಳ ಮೇಲೂ ಕರಿನೆರಳು ಬೀಳುತ್ತಿತ್ತು.

ಪ್ರಶ್ನೆ: ಭಾಗವಹಿಸುವವರಿಗೆ ಹಣ ಕೊಡಬೇಕೆ? ಕೊಟ್ಟರೆ ಹಣಕ್ಕಾಗಿ ಬರುತ್ತಾರಲ್ಲ?

ಕೊಡಬೇಕು. ದಿನಗೂಲಿಯವರು, ಪಾಳಿಯಲ್ಲಿ ದುಡಿಯುವವರು, ಎಳೆಮಕ್ಕಳ ತಾಯಂದಿರು ಸಂಬಳ ಕಳೆದುಕೊಂಡು ಬರಲಾರರು. ಅವರು ಬಾರದಿದ್ದರೆ ಮೇಲಿನ ಲೆಕ್ಕವೆಲ್ಲ ನೀರಿನ ಮೇಲಿನ ಬರಹ. ಐರ್ಲೆಂಡ್ 2016ರ ಸಭೆಯ ಸದಸ್ಯರಿಗೆ ಗೌರವಧನ ಕೊಡಲಿಲ್ಲ, ಮಧ್ಯದಲ್ಲಿ ಬಿಟ್ಟುಹೋದವರು ಬಹಳ. 2020ರ ಸಭೆಯಿಂದ ಕೊಡತೊಡಗಿತು. ಪ್ರಯಾಣ, ವಸತಿ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಸನ್ನೆ ಭಾಷೆಯ ಅನುವಾದಕರು ಇವೆಲ್ಲ ಗೌರವಧನದಿಂದ ಹೊರತಾಗಿ ಇರಬೇಕು. ಮೊತ್ತವನ್ನು ಆಹ್ವಾನ ಪತ್ರದಲ್ಲೇ ಬರೆಯಿರಿ, ಆಮೇಲೆ ಹೇಳಿ ಪ್ರಯೋಜನವಿಲ್ಲ.

ಪ್ರಶ್ನೆ: ವಿಷಯ ತೀರಾ ತಾಂತ್ರಿಕವಾದಾಗ ಸಾಮಾನ್ಯ ಜನ ಏನು ತೀರ್ಮಾನಿಸಬಲ್ಲರು? ತಜ್ಞರೇ ಮಾಡಿದರೆ ಒಳ್ಳೆಯದಲ್ಲವೆ?

ತಜ್ಞರು ‘ಹೀಗೆ ಮಾಡಿದರೆ ಹೀಗಾಗುತ್ತದೆ’ ಎಂದು ಹೇಳಬಲ್ಲರು. ‘ಇದಕ್ಕಾಗಿ ಅದನ್ನು ಬಿಟ್ಟುಕೊಡಬಹುದೆ’ ಎಂಬುದನ್ನು ತೂಗುವಾಗ ಅವರದೂ ಎಲ್ಲರಂತೆ ಒಂದೇ ಮತ. ಈ ಎರಡನ್ನು ಬೇರೆ ಮಾಡಿ ಕೂರಿಸುವುದೇ ಸಭೆಯ ವಿನ್ಯಾಸ.

1987ರಲ್ಲಿ ಡೆನ್ಮಾರ್ಕ್ ಆರಂಭಿಸಿದ ಒಮ್ಮತ ಸಮ್ಮೇಳನಗಳು ಇದನ್ನು ಬಹಳ ನೇರವಾಗಿ ಬಿಡಿಸಿದವು. ಹದಿನೈದರ ಆಸುಪಾಸಿನ ಸಾಮಾನ್ಯ ನಾಗರಿಕರು ಮೊದಲು ಎರಡು ವಾರಾಂತ್ಯ ಓದಿ ಚರ್ಚಿಸುತ್ತಿದ್ದರು. ತಜ್ಞರಿಗೆ ಕೇಳುವ ಪ್ರಶ್ನೆಗಳನ್ನು ಅವರೇ ಬರೆಯುತ್ತಿದ್ದರು, ಯಾವ ತಜ್ಞರು ಬರಬೇಕೆಂಬುದರಲ್ಲೂ ಅವರ ಮಾತು ನಡೆಯುತ್ತಿತ್ತು. ಕೊನೆಯ ವರದಿಯೂ ಅವರದೇ ಬರಹ. ಅದನ್ನು ಓದಿ ಹೇಳಿದಾಗ ತಜ್ಞರು ವಾಸ್ತವಾಂಶದ ತಪ್ಪುಗಳನ್ನು ಮಾತ್ರ ತಿದ್ದಬಹುದಿತ್ತು. ಅಭಿಪ್ರಾಯಕ್ಕೆ ಕೈ ಹಚ್ಚುವಂತಿರಲಿಲ್ಲ.

ಸಮಯದ ವಿಷಯದಲ್ಲಿ ಕಂಜೂಸಿತನ ಬೇಡ. ಮಧ್ಯಮ ತೊಡಕಿನ ಪ್ರಶ್ನೆಗೆ ಮುಖಾಮುಖಿ 30 ಗಂಟೆಗಿಂತ ಕಡಿಮೆ ಸಾಲದು, ಅಂದರೆ ಎರಡು ವಾರಗಳ ಅಂತರದ ಎರಡು ಅಥವಾ ಮೂರು ವಾರಾಂತ್ಯ. ನಡುವಿನ ಅಂತರವೂ ಕೆಲಸ ಮಾಡುತ್ತದೆ: ಕೇಳಿದ್ದನ್ನು ಜನ ಮನೆಯಲ್ಲಿ, ಕೆಲಸದ ಜಾಗದಲ್ಲಿ ಮಾತಾಡಿ, ಹೊಸ ಪ್ರಶ್ನೆ ಹೊತ್ತು ಬರುತ್ತಾರೆ. ಒಟ್ಟು ಸಮಯದ ಮೂರನೇ ಒಂದು ಭಾಗ ಕಲಿಕೆಗೆ, ಉಳಿದದ್ದು ಚರ್ಚೆಗೆ ಮತ್ತು ಬರವಣಿಗೆಗೆ. ಉಪನ್ಯಾಸಗಳೇ ದಿನವೆಲ್ಲ ನುಂಗಿದರೆ ಸಂಜೆ ಆಯಾಸದಲ್ಲಿ ಕೈ ಎತ್ತಿಸಿದ ಮತಕ್ಕೆ ಬೆಲೆಯಿಲ್ಲ. ಇದು ಪದೇ ಪದೇ ಆಗುವ ತಪ್ಪು.

ಓದುವ ಸಾಮಗ್ರಿಯನ್ನು ಇಲಾಖೆಯೊಂದೇ ತಯಾರಿಸಬಾರದು. ವಾದದ ಎಲ್ಲ ಬದಿಯವರೂ ಇರುವ ಆರೇಳು ಜನರ ಸಲಹಾ ಮಂಡಳಿ ಪ್ರತಿ ಪುಟಕ್ಕೂ ಸಹಿ ಹಾಕಲಿ. ಅವರು ಒಪ್ಪದ ಅಂಶವನ್ನು ಕಿತ್ತುಹಾಕದೆ ‘ಇದರ ಬಗ್ಗೆ ತಜ್ಞರಲ್ಲೇ ಭಿನ್ನಮತವಿದೆ’ ಎಂದು ಪ್ರತ್ಯೇಕ ಚೌಕದಲ್ಲಿ ಎರಡೂ ಮಾತನ್ನು ಹಾಕಿ. ತಜ್ಞರಿಗೆ ಹತ್ತು ನಿಮಿಷ ಮಾತು, ನಂತರ ಮೇಜುಗಳಿಗೆ ಹದಿನೈದು ನಿಮಿಷ ಪ್ರಶ್ನೆ ಬರೆಯಲು, ಆಮೇಲೆ ಉತ್ತರ. ಕೂಡಲೇ ಪ್ರಶ್ನೆ ಕೇಳಿಸಿದರೆ ಸಭಾಕಂಪನ ಇಲ್ಲದ ನಾಲ್ವರೇ ಕೇಳುತ್ತಾರೆ. ತಜ್ಞರ ಅವಧಿಗಳಲ್ಲಿ ನಾಲ್ಕರಲ್ಲಿ ಒಂದನ್ನು ಖಾಲಿ ಬಿಡಿ. ಯಾರನ್ನು ಕರೆಸಬೇಕೆಂದು ಸದಸ್ಯರೇ ಹೇಳಲಿ.

ಇದು ಕೆಲಸ ಮಾಡುತ್ತದೆಯೆ ಎಂಬುದಕ್ಕೆ ಐರ್ಲೆಂಡನ್ನು ನೋಡಿ. ಗರ್ಭಪಾತದಂಥ ದೇಶವನ್ನೇ ಸೀಳಿದ್ದ ವಿಷಯವನ್ನು ಆ 99 ಜನ ಐದು ವಾರಾಂತ್ಯ ಕೂತು ಚರ್ಚಿಸಿದರು. ಸಾರ್ವಜನಿಕರಿಂದ 12 ಸಾವಿರಕ್ಕೂ ಹೆಚ್ಚು ಅಹವಾಲು ಬಂದಿದ್ದವು. ವೈದ್ಯರು, ವಕೀಲರು, ನೀತಿಶಾಸ್ತ್ರಜ್ಞರು, ಎರಡೂ ಬದಿಯ ಮಹಿಳೆಯರು ಎಲ್ಲರ ಮಾತನ್ನೂ ಕೇಳಿದರು. ಗರ್ಭಪಾತಕ್ಕೆ ತಡೆಯಾಗಿದ್ದ ಸಂವಿಧಾನದ ಕಲಮನ್ನು ಬದಲಿಸಬೇಕೆಂದರು. 2018ರ ಮೇ 25ರ ಜನಮತಗಣನೆಯಲ್ಲಿ ನೂರಕ್ಕೆ 66.4 ಮತದಾರರು ಹೌದೆಂದರು.

ಪ್ರಶ್ನೆ: ನಾವು ಕರೆಯುವ ಸಭೆಗಳಲ್ಲಿ ಗಂಟಲು ದೊಡ್ಡದಿದ್ದವರೇ ಮಾತಾಡುತ್ತಾರೆ. ಮೈಕ್ ಕೊಟ್ಟರೆ ವಾಪಸ್ ಬರುವುದಿಲ್ಲ. ಏನು ಮಾಡಬೇಕು?

ಮೊದಲು ವೇದಿಕೆ ಮತ್ತು ಮೈಕ್ ತೆಗೆಯಿರಿ. ಎದುರುಬದುರು ಕೂರಿಸಿದರೆ ಒಂದು ಕಡೆ ಆರೋಪಿ, ಇನ್ನೊಂದು ಕಡೆ ದೂರುದಾರ ಎಂಬ ಚಿತ್ರ ತಾನಾಗಿ ಮೂಡುತ್ತದೆ. ಏಳೆಂಟು ಜನರಿಗೆ ಒಂದು ದುಂಡು ಮೇಜು, ಪ್ರತಿ ಮೇಜಿಗೆ ವಿಷಯದಲ್ಲಿ ಯಾವ ಪಾಲೂ ಇಲ್ಲದ ಒಬ್ಬ ನಡೆಸುವವರು, ಬರೆದುಕೊಳ್ಳಲು ಇನ್ನೊಬ್ಬರು. ಇಲಾಖೆಯವರು ಮೇಜಿಗೆ ಕೂರಬಾರದು. ಕೋಣೆಯ ಪಕ್ಕದಲ್ಲಿ ನಿಂತಿರಲಿ, ಕರೆದಾಗ ಬಂದು ಮಾಹಿತಿ ಕೊಟ್ಟು ಹೋಗಲಿ.

ಐವತ್ತೈದು ನಿಮಿಷದ ಒಂದು ಸುತ್ತು ಹೀಗಿರುತ್ತದೆ. ಪ್ರಶ್ನೆ ಓದಿ ಮೂರು ನಿಮಿಷ ಎಲ್ಲರೂ ಮೌನವಾಗಿ ತಮ್ಮ ತಮ್ಮ ಚೀಟಿಯಲ್ಲಿ ಬರೆಯಬೇಕು. ಬರೆಯಲು ಬಾರದವರಿಗೆ ದಾಖಲೆ ಮಾಡುವವರು ಬರೆದುಕೊಡುತ್ತಾರೆ. ನಂತರ ಒಬ್ಬೊಬ್ಬರಿಗೆ ಎರಡು ನಿಮಿಷ, ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ. ಎಂಟು ಜನಕ್ಕೆ ಹದಿನಾರು ನಿಮಿಷ. ಅತ್ಯಂತ ಹಿಂಜರಿಯುವವರ ಪಕ್ಕದಿಂದ ಶುರು ಮಾಡಿ, ಅವರ ಸರದಿ ಎರಡನೆಯದಾಗಲಿ: ಮೊದಲಿಗರಾಗುವ ಭಯವೂ ಇರದು, ಕೊನೆಗೆ ‘ನನ್ನದೂ ಅದೇ’ ಎಂದು ಮುದುಡಿಕೊಳ್ಳುವ ಅವಕಾಶವೂ ಇರದು. ಇಪ್ಪತ್ತೈದು ನಿಮಿಷ ತೆರೆದ ಚರ್ಚೆ. ಉಳಿದ ಹನ್ನೊಂದು ನಿಮಿಷದಲ್ಲಿ ದಾಖಲೆಯವರು ಓದಿ ಹೇಳಿ, ಮೇಜಿನವರು ತಿದ್ದಿಸಬೇಕು. ಯಾರದಾದರೂ ಮಾತು ಬಿಟ್ಟುಹೋಗಿದ್ದರೆ ಅದು ಅಲ್ಲೇ ಸೇರಬೇಕು, ಆಮೇಲೆ ಕಚೇರಿಯಲ್ಲಿ ಅಲ್ಲ.

ಜೋರು ಬಾಯಿಯವರನ್ನು ಬೈದು ಕೂರಿಸಬೇಡಿ. ಅನೇಕ ಸಲ ಅವರು ವರ್ಷಗಟ್ಟಲೆ ಕಚೇರಿ ಅಲೆದು ಸುಸ್ತಾದವರು. ಅವರ ಅಂಶವನ್ನು ಎಲ್ಲರಿಗೂ ಕಾಣುವ ಹಾಳೆಯ ಮೇಲೆ ಅವರದೇ ಮಾತಿನಲ್ಲಿ ಬರೆದು, ‘ಸರಿಯಾಗಿ ಬರೆದೆನೆ?’ ಎಂದು ಕೇಳಿ. ಬರಹದಲ್ಲಿ ಕಂಡ ಮೇಲೆ ಮತ್ತೆ ಮತ್ತೆ ಹೇಳುವ ಅಗತ್ಯ ಹೆಚ್ಚಿನವರಿಗೆ ಉಳಿಯುವುದಿಲ್ಲ. ಇನ್ನು ಮೇಜುಗಳ ಜನರನ್ನು ಪ್ರತಿ ಸುತ್ತಿಗೂ ಬದಲಿಸಿ, ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಮೇಜಿಗೊಂದು ಪಕ್ಷ ಹುಟ್ಟುತ್ತದೆ.

ಪ್ರಶ್ನೆ: ಇಷ್ಟೆಲ್ಲ ಕಷ್ಟವೇಕೆ? ಒಂದು ಆ್ಯಪ್ ಮಾಡಿ ಎಲ್ಲರ ಅಭಿಪ್ರಾಯ ಕೇಳಿದರಾಯಿತಲ್ಲ?

ಆ್ಯಪ್ ಹೊರಗಿನ ಬಾಗಿಲಾಗಬಹುದು, ಇಡೀ ಮನೆ ಆಗದು. ಯಾರು ಬಂದರು ಎಂಬುದು ನಿಮ್ಮ ಹಿಡಿತದಲ್ಲಿರುವುದಿಲ್ಲ, ಮೊಬೈಲ್ ಕೈಯಲ್ಲಿಲ್ಲದವರು ಹೊರಗೇ ಉಳಿಯುತ್ತಾರೆ.

ಆದರೆ ಬಳಸುವುದಾದರೆ ಒಂದು ಪಾಠ ಗಮನಿಸಿ. 2015ರಲ್ಲಿ ತೈವಾನ್ ಊಬರ್ ಮಾದರಿಯ ಬಾಡಿಗೆ ಕಾರುಗಳ ನಿಯಮದ ಬಗ್ಗೆ ‘ಪೋಲ್-ಇಸ್’ ಎಂಬ ತಂತ್ರಾಂಶದಲ್ಲಿ ಜನರನ್ನು ಕೇಳಿತು. ಅದರಲ್ಲಿ ಒಬ್ಬರ ಹೇಳಿಕೆಗೆ ಇನ್ನೊಬ್ಬರು ಉತ್ತರ ಬರೆಯುವ ಸೌಲಭ್ಯವೇ ಇಲ್ಲ. ಒಪ್ಪುತ್ತೇನೆ, ಒಪ್ಪುವುದಿಲ್ಲ, ಮುಂದೆ ಹೋಗುತ್ತೇನೆ ಎಂಬ ಮೂರೇ ಗುಂಡಿ. ಒಪ್ಪದವರು ಜಗಳಕ್ಕೆ ಇಳಿಯಲಾರರು, ತಮ್ಮದೇ ಬೇರೆ ಹೇಳಿಕೆ ಸೇರಿಸಬೇಕು. ಒಂದೇ ಬಗೆಯಲ್ಲಿ ಮತ ಹಾಕಿದವರನ್ನು ತಂತ್ರಾಂಶ ಗುಂಪು ಮಾಡಿ ನಕ್ಷೆಯಲ್ಲಿ ತೋರಿಸುತ್ತದೆ, ಎಲ್ಲ ಗುಂಪುಗಳೂ ಒಪ್ಪಿದ ಹೇಳಿಕೆಗಳನ್ನು ಮೇಲಕ್ಕೆ ತರುತ್ತದೆ. ಟ್ಯಾಕ್ಸಿ ಚಾಲಕರೂ ಊಬರ್ ಬಳಸುವವರೂ ವಿಮೆ, ನೋಂದಣಿಯಂಥ ವಿಷಯಗಳಲ್ಲಿ ಒಂದೇ ಮಾತು ಹೇಳುತ್ತಿದ್ದುದು ಹಾಗೆ ಕಂಡಿತು. ಗುಂಡಿಗಳ ಸಂಖ್ಯೆಯೂ ನೀತಿಯ ಭಾಗವೇ. ಉತ್ತರಿಸುವ ಪೆಟ್ಟಿಗೆ ಇಟ್ಟಿದ್ದರೆ ಅಲ್ಲಿ ಕಾಣುತ್ತಿದ್ದುದು ಬೈಗುಳ.

ಪ್ರಶ್ನೆ: ಸಹಭಾಗಿತ್ವದ ಬಜೆಟ್‌ನಲ್ಲಿ ಜನ ನೇರವಾಗಿ ಕಾಮಗಾರಿಗಳಿಗೆ ಮತ ಹಾಕಿದರು. ಜನಸಂಖ್ಯೆ ಹೆಚ್ಚಿರುವ ಭಾಗವೇ ಎಲ್ಲವನ್ನೂ ಬಾಚಿಕೊಂಡಿತು. ತಪ್ಪೆಲ್ಲಿ?

ಎಣಿಕೆಯ ನಿಯಮದಲ್ಲಿ. ಒಂದು ಲೆಕ್ಕ ಮಾಡಿ ನೋಡೋಣ. ಒಟ್ಟು ಹಣ 100 ಪಾಲು. ಮತದಾರರು 1,000: ಉತ್ತರ ಭಾಗದಲ್ಲಿ 600, ದಕ್ಷಿಣದಲ್ಲಿ 400. ಪ್ರತಿ ಕಾಮಗಾರಿಗೆ 20 ಪಾಲು ಬೇಕು, ಹಾಗಾಗಿ ಐದಕ್ಕೆ ಹಣವಿದೆ. ಉತ್ತರದವರು ತಮ್ಮ ಐದಕ್ಕೆ, ದಕ್ಷಿಣದವರು ತಮ್ಮ ಐದಕ್ಕೆ ಮತ ಹಾಕಿದರು. ಹೆಚ್ಚು ಮತ ಪಡೆದದ್ದು ಗೆದ್ದಿತು ಎಂದರೆ ಉತ್ತರದ ಐದೂ 600 ಮತ ಪಡೆದು ಗೆಲ್ಲುತ್ತವೆ. ನೂರಕ್ಕೆ 40 ಜನರಿಗೆ ಬರಿಗೈ.

ಈಗ ನಿಯಮ ಬದಲಿಸಿ: ಹಣವನ್ನು ಮೊದಲು ಮತದಾರರಿಗೆ ಸಮನಾಗಿ ಹಂಚಿದಂತೆ ಭಾವಿಸಿ, ತಲೆಗೆ 0.1 ಪಾಲು. ಕಾಮಗಾರಿ ಗೆಲ್ಲಬೇಕಾದರೆ ಅದನ್ನು ಬೆಂಬಲಿಸಿದವರ ಪಾಲಿನಿಂದಲೇ ಅದರ ಖರ್ಚು ಹೊರಡಬೇಕು. ಉತ್ತರದ 600 ಜನರ ಬಳಿ 60 ಪಾಲು, ಮೂರು ಕಾಮಗಾರಿಗೆ ಸರಿಹೋಯಿತು. ದಕ್ಷಿಣದ 400 ಜನರ 40 ಪಾಲಿಗೆ ಎರಡು. ಸಮಪಾಲು ವಿಧಾನವೆಂದು ಕರೆಯುವ ಇದನ್ನು ಪೋಲೆಂಡಿನ ವಿಯೆಲಿಚ್ಕಾ ಮತ್ತು ಸ್ವಿಟ್ಜರ್ಲೆಂಡಿನ ಆರಾವು ಪಟ್ಟಣಗಳು 2023ರಲ್ಲಿ ಬಳಸಿದವು. ಕಾಮಗಾರಿಗಳ ಖರ್ಚು ಬೇರೆ ಬೇರೆಯಾದಾಗ ಕೊನೆಯಲ್ಲಿ ಸ್ವಲ್ಪ ಹಣ ಉಳಿಯುತ್ತದೆ, ಅದನ್ನು ಹೇಗೆ ಮುಗಿಸಬೇಕೆಂಬ ನಿಯಮವನ್ನೂ ಮತದಾನಕ್ಕೆ ಮುಂಚೆಯೇ ಬರೆದಿಡಿ.

ಇದರಲ್ಲೂ ಒಂದು ಕೊರತೆಯಿದೆ: ಅಗತ್ಯದ ತೀವ್ರತೆ ಲೆಕ್ಕಕ್ಕೆ ಬರುವುದಿಲ್ಲ. ಸಹಭಾಗಿತ್ವದ ಬಜೆಟ್ 1989ರಲ್ಲಿ ಶುರುವಾದ ಬ್ರೆಜಿಲಿನ ಪೋರ್ಟೊ ಅಲೆಗ್ರೆಯಲ್ಲಿ ನಗರವನ್ನು 16 ವಲಯಗಳಾಗಿ ವಿಂಗಡಿಸಿ, ವಲಯದ ಜನಸಂಖ್ಯೆ, ಅಲ್ಲಿ ಇಲ್ಲದಿರುವ ಸೌಲಭ್ಯ, ಜನ ಕೊಟ್ಟ ಆದ್ಯತೆ ಈ ಮೂರಕ್ಕೂ ಅಂಕ ಹಾಕಿ ಹಣ ಹಂಚುತ್ತಿದ್ದರು. ಚರಂಡಿಯೇ ಇಲ್ಲದ ಬಡಾವಣೆಗೆ, ಅದು ಚಿಕ್ಕದಾದರೂ, ಮುಂದೆ ಬರುವ ದಾರಿ ಹಾಗೆ ತೆರೆಯಿತು. ನಮ್ಮ ಅಭಿಪ್ರಾಯದಲ್ಲಿ ಸೌಲಭ್ಯಗಳ ಅಂತರ ದೊಡ್ಡದಿರುವಲ್ಲಿ ಈ ಸೂತ್ರದಿಂದ ವಲಯವಾರು ಹಣ ಗೊತ್ತುಮಾಡಿ, ವಲಯದೊಳಗೆ ಸಮಪಾಲಿನ ಮತದಾನ ನಡೆಸುವುದೇ ಮೇಲು.

ಮತಪಟ್ಟಿಗೆ ಹೋಗುವ ಮುಂಚೆ ಪ್ರತಿ ಕಾಮಗಾರಿಯ ಅಂದಾಜನ್ನು ಎಂಜಿನಿಯರ್ ಪರಿಶೀಲಿಸಿರಬೇಕು, ಜಾಗ ಯಾರ ಹೆಸರಿನಲ್ಲಿದೆ ನೋಡಿರಬೇಕು. ಗೆದ್ದ ಮೇಲೆ ‘ಇದು ಸಾಧ್ಯವಿಲ್ಲ’ ಎಂದರೆ ಮುಂದಿನ ವರ್ಷ ಜನ ಬರುವುದಿಲ್ಲ. ತಿರಸ್ಕರಿಸಿದ ಪ್ರತಿ ಪ್ರಸ್ತಾವಕ್ಕೂ ಒಂದು ಸಾಲಿನ ಕಾರಣ ಪ್ರಕಟಿಸಿ.

ಪ್ರಶ್ನೆ: ಜನ ಮಾಡಲಾಗದ್ದನ್ನು ಶಿಫಾರಸು ಮಾಡಿದರೆ? ಅಥವಾ ಇಲಾಖೆ ವರದಿಯನ್ನು ಕಪಾಟಿನಲ್ಲಿಟ್ಟರೆ?

ಎರಡು ಭಯಗಳಿಗೂ ಮದ್ದು ಒಂದೇ, ಅದನ್ನು ಮೊದಲ ದಿನಕ್ಕಿಂತ ಮೊದಲೇ ಕುಡಿಯಬೇಕು. ಶಿಫಾರಸು ಬಂದ ಮೇಲೆ ಯಾರು, ಎಷ್ಟು ದಿನದೊಳಗೆ, ಯಾವ ರೂಪದಲ್ಲಿ ಉತ್ತರ ಕೊಡುತ್ತಾರೆಂದು ಲಿಖಿತವಾಗಿ ಆಗಿರಬೇಕು. ಅತಿಯಾದ ಭರವಸೆಯೂ ಮುರಿಯುತ್ತದೆ. ಫ್ರಾನ್ಸಿನಲ್ಲಿ 150 ನಾಗರಿಕರ ಹವಾಮಾನ ಸಮ್ಮೇಳನ 2020ರಲ್ಲಿ 149 ಪ್ರಸ್ತಾವಗಳನ್ನು ಕೊಟ್ಟಿತು. ‘ಯಾವ ಸೋಸುವಿಕೆಯೂ ಇಲ್ಲದೆ’ ಮುಂದೊಯ್ಯುತ್ತೇನೆಂದು ಅಧ್ಯಕ್ಷ ಮ್ಯಾಕ್ರೋನ್ ಮೊದಲೇ ಮಾತು ಕೊಟ್ಟಿದ್ದರು. ಬಂದ ಮೇಲೆ ಮೂರನ್ನು ಬದಿಗಿಟ್ಟರು, ಇನ್ನೆಷ್ಟೋ ಪ್ರಸ್ತಾವಗಳು ಕಾನೂನಾಗುವಾಗ ಸಡಿಲವಾದವು. 2021ರಲ್ಲಿ ಅದೇ ನಾಗರಿಕರು, ಸರ್ಕಾರ ತಮ್ಮ ಪ್ರಸ್ತಾವಗಳನ್ನು ಎಷ್ಟು ಗಣನೆಗೆ ತೆಗೆದುಕೊಂಡಿತು ಎಂಬುದಕ್ಕೆ ಹತ್ತಕ್ಕೆ ಸರಾಸರಿ 3.3 ಅಂಕ ಕೊಟ್ಟರು. ‘ಪ್ರತಿಯೊಂದಕ್ಕೂ ಕಾರಣ ಸಹಿತ ಉತ್ತರ ಕೊಡುತ್ತೇವೆ’ ಎಂಬ ಚಿಕ್ಕ ಮಾತನ್ನು ಕೊಟ್ಟು ಉಳಿಸಿಕೊಂಡಿದ್ದರೆ ಅಷ್ಟು ಕಹಿ ಆಗುತ್ತಿರಲಿಲ್ಲ.

ಗೆರೆಯನ್ನು ಎಲ್ಲಿ ಎಳೆಯುತ್ತೀರಿ ಎಂಬುದೂ ಮುಖ್ಯ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2004ರಲ್ಲಿ 160 ನಾಗರಿಕರು ಹೆಚ್ಚುಕಡಿಮೆ ಇಡೀ ವರ್ಷ ಕೂತು ಹೊಸ ಚುನಾವಣಾ ಪದ್ಧತಿ ರೂಪಿಸಿದರು. ಮರುವರ್ಷದ ಜನಮತಗಣನೆಯಲ್ಲಿ ನೂರಕ್ಕೆ 57.7 ಜನ ಒಪ್ಪಿದರು, 79 ಕ್ಷೇತ್ರಗಳಲ್ಲಿ 77ರಲ್ಲಿ ಬಹುಮತ ಬಂತು. ಆದರೆ ಸರ್ಕಾರ ಇಟ್ಟಿದ್ದ ಗೆರೆ 60. ಪದ್ಧತಿ ಬದಲಾಗಲಿಲ್ಲ.

ಈ ವಿಷಯದಲ್ಲಿ ನಮಗೆ ತಿಳಿದ ಗಟ್ಟಿ ಏರ್ಪಾಡು ಬೆಲ್ಜಿಯಂನ ಜರ್ಮನ್ ಭಾಷಿಕ ಸಮುದಾಯದ್ದು. ಅಲ್ಲಿನ ಸಂಸತ್ತು 2019ರಲ್ಲಿ ಕಾನೂನಿನ ಮೂಲಕವೇ ಕಾಯಂ ನಾಗರಿಕ ಮಂಡಳಿ ಸ್ಥಾಪಿಸಿತು. ಚೀಟಿಯಿಂದ ಬಂದ 24 ಜನ. ಯಾವ ವಿಷಯದ ಮೇಲೆ ನಾಗರಿಕ ಸಭೆ ನಡೆಯಬೇಕೆಂದು ತೀರ್ಮಾನಿಸುವವರು ಇವರು. ವಿಷಯವನ್ನೇ ಜನ ಆರಿಸುತ್ತಾರೆ ಎಂಬುದನ್ನು ಗಮನಿಸಿ, ಬೇರೆ ಕಡೆ ಅಧಿಕಾರ ಬಿಟ್ಟುಕೊಡದ ಜಾಗವದು. ಸಭೆಯ ಶಿಫಾರಸುಗಳನ್ನು ಸಂಸತ್ತಿನ ಸಮಿತಿ ಮತ್ತು ಸಚಿವರು ನಾಗರಿಕರ ಎದುರು ಕೂತು ಚರ್ಚಿಸಬೇಕು. ಒಪ್ಪದಿದ್ದರೆ ಕಾರಣ ಕೊಡಬೇಕು. ಒಪ್ಪಿದ್ದು ಎಲ್ಲಿಗೆ ಬಂತೆಂದು ನೋಡಿಕೊಳ್ಳುವ ಕೆಲಸವೂ ಮಂಡಳಿಯದೇ.

ಕಾನೂನು ಮಾಡುವ ಶಕ್ತಿ ನಿಮಗಿಲ್ಲದಿದ್ದರೆ ಒಂದು ಕೋಷ್ಟಕ ಸಾಕು. ಶಿಫಾರಸು, ಉತ್ತರ (ಒಪ್ಪಿಗೆ, ಭಾಗಶಃ ಅಥವಾ ಇಲ್ಲ), ಕಾರಣ, ಜವಾಬ್ದಾರ ಅಧಿಕಾರಿಯ ಹುದ್ದೆ, ದಿನಾಂಕ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರಕ್ಕೆ ಆ ಕೋಷ್ಟಕದಲ್ಲಿ ಜಾಗವಿರಬಾರದು.

ಪ್ರಶ್ನೆ: ನಮ್ಮ ಸಂಘ ಈ ವಿಷಯದಲ್ಲಿ ಇಪ್ಪತ್ತು ವರ್ಷ ದುಡಿದಿದೆ. ಚೀಟಿಯಲ್ಲಿ ಬಂದ ಅಪರಿಚಿತರು ನಮ್ಮನ್ನು ಬದಿಗೆ ತಳ್ಳಿದಂತಾಗಲಿಲ್ಲವೆ?

ನಿಮ್ಮ ಅಸಮಾಧಾನ ನ್ಯಾಯವಾದದ್ದು. ನಿಮ್ಮ ಜಾಗ ತೀರ್ಪು ಕೊಡುವ ಕುರ್ಚಿಯಲ್ಲಲ್ಲ, ಆದರೆ ಉಳಿದೆಲ್ಲ ಕಡೆ ಇದೆ: ಸಾಮಗ್ರಿ ತಯಾರಿಸುವ ಸಲಹಾ ಮಂಡಳಿಯಲ್ಲಿ, ತಜ್ಞರ ಅವಧಿಯಲ್ಲಿ, ಶಿಫಾರಸು ಜಾರಿಯಾಯಿತೇ ಎಂದು ಕಾಯುವಲ್ಲಿ. ಸಭೆ ಮುಗಿದ ಮೇಲೆ ಆ 50 ಜನ ತಮ್ಮ ತಮ್ಮ ಕೆಲಸಕ್ಕೆ ಮರಳುತ್ತಾರೆ; ಬೆನ್ನು ಬಿಡದೆ ಕೇಳುವ ಶಕ್ತಿ ಇರುವುದು ನಿಮಗೇ. ಒಂದು ವಿನಾಯಿತಿ ಮಾತ್ರ ಒಪ್ಪಬೇಕು. ಯೋಜನೆಯಿಂದ ಮನೆ ಅಥವಾ ಜಮೀನು ಕಳೆದುಕೊಳ್ಳುವ ಕುಟುಂಬಗಳ ಹಕ್ಕನ್ನು ಚೀಟಿಯ ಸಭೆಗೆ ಒಪ್ಪಿಸಬಾರದು. ಅವರ ಜೊತೆ ನೇರ ಮಾತುಕತೆ, ಅವರ ಒಪ್ಪಿಗೆ ಬೇರೆಯಾಗಿಯೇ ಆಗಬೇಕು.

ಪ್ರಶ್ನೆ: ನಮ್ಮದು ಸಣ್ಣ ಸ್ಥಳೀಯ ಸಂಸ್ಥೆ. ಒಬ್ಬ ಅಧಿಕಾರಿ, ಎರಡು ತಿಂಗಳು, ಸ್ವಲ್ಪ ಹಣ. ಏನು ಮಾಡಬಹುದು?

50 ಜನರ ಸಭೆ ಬೇಡ. 20 ಜನರ ನಾಗರಿಕ ತೀರ್ಪು ಮಂಡಳಿ ಮಾಡಿ, ಮೂರು ಶನಿವಾರ. ಮೊದಲ ವಾರ ‘ಇನ್ನೂ ತೆರೆದಿದೆ’ ಪಟ್ಟಿ ಬರೆದು ಮುಖ್ಯಸ್ಥರ ಸಹಿ ಪಡೆಯಿರಿ; ಸಹಿ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಎರಡನೇ ವಾರ 800 ಮನೆಗಳಿಗೆ ಪತ್ರ. ಸಣ್ಣ ಊರಿನಲ್ಲಿ ಪತ್ರ ಕೊಟ್ಟ ಮನೆಯ ಬಾಗಿಲಿಗೆ ಒಮ್ಮೆ ಹೋಗಿ ಬಂದರೆ ಒಪ್ಪುವವರ ಸಂಖ್ಯೆ ಹೆಚ್ಚುತ್ತದೆ, ಆದರೆ ಪಟ್ಟಿಯಲ್ಲಿಲ್ಲದ ಪಕ್ಕದ ಮನೆಗೆ ಹೋಗಬಾರದು. ನಾಲ್ಕನೇ ವಾರದೊಳಗೆ ಆಯ್ಕೆ, ಐದು, ಆರು, ಏಳನೇ ವಾರಗಳ ಶನಿವಾರ ಸಭೆ. ನಡೆಸುವವರನ್ನು ಹೊರಗಿನಿಂದ ತನ್ನಿ. ಹಣ ಖರ್ಚು ಮಾಡಲೇಬೇಕಾದ ಜಾಗ ಅದು ಮತ್ತು ಗೌರವಧನ. ಮುದ್ರಣ, ಬ್ಯಾನರ್, ಉದ್ಘಾಟನೆಗಳನ್ನು ಬಿಟ್ಟುಬಿಡಿ. ಪ್ರಶ್ನೆ ಹೌದು-ಇಲ್ಲ ರೂಪದಲ್ಲಿ ಇರಬಾರದು. ‘ಈ ರಸ್ತೆ ಅಗಲ ಮಾಡಬೇಕೆ?’ ಎಂದು ಕೇಳಿದರೆ ಊರು ಎರಡಾಗುತ್ತದೆ. ‘ಈ ರಸ್ತೆಯಲ್ಲಿ ನಡೆಯುವವರು, ವಾಹನದವರು, ಅಂಗಡಿಯವರು ಮೂವರಿಗೂ ಇರುವ ಜಾಗವನ್ನು ಹೇಗೆ ಹಂಚಬೇಕು, ಯಾವುದನ್ನು ಮೊದಲು ಮಾಡಬೇಕು?’ ಎಂದು ಕೇಳಿದರೆ ಕೆಲಸ ಶುರುವಾಗುತ್ತದೆ. ಎಂಟನೇ ವಾರದಲ್ಲಿ ವರದಿಯನ್ನು ಸಂಸ್ಥೆಯ ಸಭೆಗೆ ನಾಗರಿಕರೇ ಓದಿ ಒಪ್ಪಿಸಲಿ. ಉತ್ತರದ ಕೋಷ್ಟಕ ಪ್ರಕಟಿಸುವ ದಿನಾಂಕವನ್ನು ಅಂದೇ ನಡಾವಳಿಯಲ್ಲಿ ಬರೆಸಿ, ಅದರ ಒಂದು ಪ್ರತಿಯನ್ನು ಆ 20 ಜನರ ಕೈಗೂ ಕೊಡಿ.